ಮೆನುವಿನಲ್ಲಿ ‘ಕಂಟಿನ್ಯೂ’ ಕಾಣದಿದ್ದರೆ: ಹಳೆಯ ಪೋಕೆಮಾನ್ ಕಾರ್ಟ್ರಿಜ್‌ನ ದೋಷ ಹುಡುಕುವ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಅಟ್ಟದ ಟ್ರಂಕಿನೊಳಗಿಂದ ಒಂದು ಬೆಳ್ಳಿ ಬಣ್ಣದ ಕಾರ್ಟ್ರಿಜ್ (ವಿಡಿಯೊಗೇಮ್ ಯಂತ್ರಕ್ಕೆ ಸಿಕ್ಕಿಸಿ ಆಡುವ ಪುಟ್ಟ ಡಬ್ಬಿ) ಎತ್ತಿಕೊಂಡು ಕೆಳಗಿಳಿದಳು. ಅದು ಅವಳ ಅಮ್ಮನದು. ಅಮೆರಿಕದಲ್ಲಿದ್ದ ಚಿಕ್ಕಪ್ಪ 2001ರಲ್ಲಿ ಊರಿಗೆ ಬಂದಾಗ ಗೇಮ್ ಬಾಯ್ ಕಲರ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಜೊತೆ ತಂದುಕೊಟ್ಟಿದ್ದ ‘ಪೋಕೆಮಾನ್ ಸಿಲ್ವರ್’, ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಸಾಕುವ ಆಟ. ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಗೀಚಿದ್ದ ಅಕ್ಕನ ಹೆಸರು ಇನ್ನೂ ಮಾಸಿರಲಿಲ್ಲ. ಯಂತ್ರಕ್ಕೆ ಎರಡು ಡಬಲ್ ಎ ಸೆಲ್ ಹಾಕಿ ಸ್ವಿಚ್ ಸರಿಸಿದೆವು. ಸಂಗೀತ ಬಂತು, ಪರದೆಯ ಮೇಲೆ ಲೂಗಿಯಾ ಹಕ್ಕಿ ಬಂತು. ಮೆನು ತೆರೆದರೆ ‘ನ್ಯೂ ಗೇಮ್’ ಮತ್ತು ‘ಆಪ್ಷನ್’ ಎರಡೇ ಸಾಲು. ಮೇಲೆ ಇರಬೇಕಾಗಿದ್ದ, ಉಳಿಸಿದ ಆಟವನ್ನು ಮುಂದುವರಿಸುವ ‘ಕಂಟಿನ್ಯೂ’ ಇಲ್ಲ. ಅಕ್ಕನ ಮುಖ ಸಣ್ಣದಾಯಿತು. ‘ಹೋಯಿತು ಬಿಡು, ಹಾಳಾಗಿದೆ’ ಎಂದಳು.

ಈ ‘ಹಾಳಾಗಿದೆ’ ಎಂಬ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಮಗುವಿನ ಕಣ್ಣಿಗೆ ಎಲ್ಲವೂ ಒಂದೇ: ನನ್ನ ಪ್ರಾಣಿಗಳು ಎಲ್ಲಿ? ರಿಪೇರಿಗೆ ಕೂತವನಿಗೆ ಮಾತ್ರ ಅವು ಬೇರೆ ಬೇರೆ, ಮದ್ದೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಒಳಗೆ ಸುಮ್ಮನೆ ಕೂತಿದ್ದ ಆಟವೂ ಅಳಿಸಿಹೋಗುತ್ತದೆ. ಈ ಕಾರ್ಟ್ರಿಜ್‌ಗಳನ್ನು ವರ್ಷಗಳಿಂದ ಬಿಚ್ಚಿ ಜೋಡಿಸುತ್ತಿದ್ದೇನೆ. ನನ್ನ ಅನುಭವದಲ್ಲಿ ಬ್ಯಾಟರಿ ಸತ್ತು ಹೋದ ಆಟಗಳಿಗಿಂತ ಅವಸರದ ಕೈಯಲ್ಲಿ ಹೋದ ಆಟಗಳೇ ಹೆಚ್ಚು. ಆ ಕೈಗಳಲ್ಲಿ ನನ್ನದೂ ಒಂದು, ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಹತ್ತು ನಿಮಿಷ ಏನೂ ಮಾಡಬೇಡಿ

‘ಕಂಟಿನ್ಯೂ’ ಕಾಣಲಿಲ್ಲವೆಂದ ಮಾತ್ರಕ್ಕೆ ‘ನ್ಯೂ ಗೇಮ್’ ಒತ್ತಿ ಹೊಸ ಆಟವನ್ನು ಸೇವ್ ಮಾಡಿಬಿಡಬೇಡಿ. ಕಾರ್ಟ್ರಿಜ್‌ನ ಅಂಚಿನಲ್ಲಿರುವ ಹಿತ್ತಾಳೆ ಬಣ್ಣದ ಕಾಲುಗಳಲ್ಲಿ ಒಂದೆರಡಕ್ಕೆ ಕಿಲುಬು ಹಿಡಿದಿದ್ದರೆ ಆಟವೇನೋ ಶುರುವಾಗುತ್ತದೆ, ನೆನಪಿನ ಚಿಪ್ ಮಾತ್ರ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಆಗ ಆಟ ‘ಇಲ್ಲಿ ಏನೂ ಇಲ್ಲ’ ಎಂದುಕೊಳ್ಳುತ್ತದೆ. ಒರೆಸಿ ಮತ್ತೆ ಹಾಕಿದಾಗ ಇಪ್ಪತ್ತು ವರ್ಷದ ಹಿಂದಿನ ಆಟ ಹಾಗೆಯೇ ಎದ್ದು ಕೂತದ್ದುಂಟು. ಮಧ್ಯದಲ್ಲಿ ಯಾರಾದರೂ ಹೊಸ ಆಟ ಸೇವ್ ಮಾಡಿದ್ದರೆ ಹಳೆಯದರ ಮೇಲೆ ಅದೇ ಬರೆದುಕೊಂಡಿರುತ್ತದೆ, ಮರಳಿ ಬರುವುದಿಲ್ಲ.

ಇನ್ನೊಂದು ಮಾತು. ಶೀರ್ಷಿಕೆಯ ಪರದೆಯಲ್ಲಿ ಮೇಲ್ಮುಖದ ಬಾಣ, ‘ಸೆಲೆಕ್ಟ್’ ಮತ್ತು ‘ಬಿ’ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಉಳಿಸಿದ್ದನ್ನೆಲ್ಲ ಅಳಿಸಲೇ ಎಂದು ಆಟ ಕೇಳುತ್ತದೆ. ಇದು ಯಾವ ರಿಪೇರಿಯೂ ಅಲ್ಲ. ಚಿಕ್ಕ ಮಕ್ಕಳು ಗುಂಡಿಗಳನ್ನೆಲ್ಲ ಒಂದೇ ಹಿಡಿತದಲ್ಲಿ ಅಮುಕುವಾಗ ಈ ಪ್ರಶ್ನೆ ಬಂದರೆ ‘ನೋ’ ಎಂದು ಹೊರಬನ್ನಿ.

ಆಟ ಎಲ್ಲಿ ಉಳಿದಿರುತ್ತದೆ

ಎಲ್ಲ ಪೋಕೆಮಾನ್ ಕಾರ್ಟ್ರಿಜ್‌ಗಳೂ ಒಂದೇ ರೀತಿಯಲ್ಲಿ ನೆನಪಿಡುವುದಿಲ್ಲ. ದೋಷ ಹುಡುಕುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ‘ರೆಡ್’ ಮತ್ತು ‘ಗ್ರೀನ್’ ಹೊರಬಂದವು. ಬಾಲ್ಯದಲ್ಲಿ ಹುಳ ಹಿಡಿಯುವ ಹುಚ್ಚಿದ್ದ ಸತೋಶಿ ತಾಜಿರಿ ಆ ಹುಚ್ಚನ್ನೇ ಆಟವಾಗಿಸಿದ್ದರು. ಅಮೆರಿಕಕ್ಕೆ ಅದು ‘ರೆಡ್’, ‘ಬ್ಲೂ’ ಎಂದು 1998ರ ಸೆಪ್ಟೆಂಬರ್‌ನಲ್ಲಿ ಬಂತು. ಈ ಮೊದಲ ತಲೆಮಾರಿನಲ್ಲಿ ಹಿಡಿಯಬೇಕಾದ 151 ಪ್ರಾಣಿಗಳ ಲೆಕ್ಕವೆಲ್ಲ 32 ಕಿಲೋಬೈಟ್‌ನ ಒಂದು ಎಸ್‌ರ‍್ಯಾಮ್ ಚಿಪ್ಪಿನಲ್ಲಿ ಇರುತ್ತದೆ. ಈ ಚಿಪ್ಪಿಗೆ ವಿದ್ಯುತ್ ಇದ್ದಷ್ಟು ಹೊತ್ತು ಮಾತ್ರ ನೆನಪು. ಯಂತ್ರ ಆರಿದ ಮೇಲೆ ಆ ವಿದ್ಯುತ್ತನ್ನು ಕೊಡುವುದು ಕಾರ್ಟ್ರಿಜ್ ಒಳಗಿನ 3 ವೋಲ್ಟ್‌ನ ಗುಂಡಿ ಸೆಲ್. ಎಣ್ಣೆ ಇದ್ದಷ್ಟು ಹೊತ್ತು ಉರಿಯುವ ನಂದಾದೀಪದ ಹಾಗೆ. ಎಣ್ಣೆ ತೀರಿತೆಂದರೆ ಆಟ ಹೋಯಿತು.

ಎರಡನೆಯ ತಲೆಮಾರಿನ ‘ಗೋಲ್ಡ್’, ‘ಸಿಲ್ವರ್’, ‘ಕ್ರಿಸ್ಟಲ್’ ಕಾರ್ಟ್ರಿಜ್‌ಗಳಲ್ಲಿ ಅದೇ ಸೆಲ್‌ಗೆ ಇನ್ನೊಂದು ಕೆಲಸ ಬಿತ್ತು. ಈ ಆಟಗಳಲ್ಲಿ ಹಗಲು, ರಾತ್ರಿ, ವಾರದ ದಿನ ಎಲ್ಲವೂ ನಿಜವಾದ ಗಡಿಯಾರದಂತೆ ಸಾಗುತ್ತವೆ. ಅದಕ್ಕಾಗಿ ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಕೈಗಡಿಯಾರದಲ್ಲಿ ಇರುವಂಥದ್ದೇ 32,768 ಹರ್ಟ್ಸ್‌ನ ಸ್ಫಟಿಕವೊಂದು ಹಗಲಿರುಳೂ ಮಿಡಿಯುತ್ತಿರುತ್ತದೆ. ನೆನಪನ್ನೂ ಕಾಯಬೇಕು, ಗಡಿಯಾರವನ್ನೂ ಓಡಿಸಬೇಕು. ಆದ್ದರಿಂದ ಹೆಚ್ಚು ಹಳೆಯದಾದ ‘ರೆಡ್’ ಇನ್ನೂ ಜೀವಂತವಾಗಿದ್ದು, ಅದಕ್ಕಿಂತ ಹೊಸದಾದ ‘ಸಿಲ್ವರ್’ ಸತ್ತಿರುವುದು ತೀರ ಸಾಮಾನ್ಯ. ಇದನ್ನು ನೋಡಿ ‘ಹೊಸದೇ ಹೋಗಿದೆ, ಹಳೆಯದು ಹೋಗದೆ ಇರುತ್ತದೆಯೇ’ ಎಂದು ರೆಡ್ ಕಾರ್ಟ್ರಿಜ್ ಬಿಚ್ಚಲು ಹೊರಡಬೇಡಿ.

ಮೂರನೆಯ ತಲೆಮಾರು ಗೇಮ್ ಬಾಯ್ ಅಡ್ವಾನ್ಸ್‌ನದು. ‘ರೂಬಿ’, ‘ಸಫೈರ್’ (ಜಪಾನಿನಲ್ಲಿ 2002), ಆಮೇಲೆ ‘ಎಮರಾಲ್ಡ್’. ಇಲ್ಲಿ ಆಟ ಉಳಿಯುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಬ್ಯಾಟರಿ ಇದೆ, ಆದರೆ ಅದು ಗಡಿಯಾರಕ್ಕೆ ಮಾತ್ರ. ‘ಫೈರ್‌ರೆಡ್’, ‘ಲೀಫ್‌ಗ್ರೀನ್’ ಆಟಗಳಲ್ಲಿ ಗಡಿಯಾರವೂ ಇಲ್ಲ, ಬ್ಯಾಟರಿಯೂ ಇಲ್ಲ. ‘ಫೈರ್‌ರೆಡ್ ಬ್ಯಾಟರಿ ಬದಲಿಸಿಕೊಡಿ’ ಎಂದು ಕೇಳಿಕೊಂಡು ಬರುವವರಿದ್ದಾರೆ. ಒಳಗೆ ಬ್ಯಾಟರಿ ಕಂಡರೆ ಅದು ನಕಲಿ ಎಂದೇ ಅರ್ಥ. ಅಡ್ವಾನ್ಸ್‌ನ ನಂತರ ಬಂದ ಡಿಎಸ್ ಯಂತ್ರದಿಂದ ಈಚೆಗೆ ಕಾರ್ಟ್ರಿಜ್‌ನಲ್ಲಿ ಬ್ಯಾಟರಿಯ ಮಾತೇ ಇಲ್ಲ, ಗಡಿಯಾರ ಯಂತ್ರದ್ದೇ. ‘ಸ್ವಿಚ್’ ಎಂಬ ಈಚಿನ ಯಂತ್ರದಲ್ಲಂತೂ ಉಳಿಸಿದ ಆಟ ಇರುವುದು ಯಂತ್ರದ ಒಳಗೆ, ಕಾರ್ಡಿನಲ್ಲಲ್ಲ. ಕಾರ್ಡನ್ನು ಗೆಳೆಯನಿಗೆ ಕೊಟ್ಟರೆ ಆಟ ನಿಮ್ಮ ಮನೆಯಲ್ಲೇ ಉಳಿದಿರುತ್ತದೆ.

ಪರದೆ ಏನು ಹೇಳುತ್ತಿದೆ

ಮೊದಲ ಬೂದು ಗೇಮ್ ಬಾಯ್‌ಗೆ ಸ್ವಿಚ್ ಹಾಕಿದ ಕೂಡಲೇ ಮೇಲಿನಿಂದ ‘ನಿಂಟೆಂಡೊ’ ಎಂಬ ಕಂಪನಿಯ ಹೆಸರು ನಿಧಾನವಾಗಿ ಇಳಿದುಬರುತ್ತದೆ. ಆ ಹೆಸರು ಯಂತ್ರದಿಂದ ಬರುವುದಿಲ್ಲ, ಕಾರ್ಟ್ರಿಜ್‌ನಿಂದ ಬರುತ್ತದೆ. ಅದರ 48 ಬೈಟ್‌ಗಳನ್ನು ಯಂತ್ರ ಓದಿ, ತನ್ನ ಬಳಿ ಇರುವ ನಕಲಿನೊಂದಿಗೆ ತಾಳೆ ನೋಡಿ, ಹೊಂದಿಕೆಯಾದರೆ ಮಾತ್ರ ಆಟ ಶುರುಮಾಡುತ್ತದೆ. ಹೀಗಾಗಿ ಆ ಇಳಿಯುವ ಹೆಸರೇ ಮೊದಲ ರೋಗಪರೀಕ್ಷೆ. ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿ ಇಳಿದರೆ ಯಂತ್ರ ಕಾರ್ಟ್ರಿಜ್ಜನ್ನು ಓದುತ್ತಲೇ ಇಲ್ಲ. ಅಕ್ಷರಗಳು ಹರಿದು ಚಿಂದಿಯಾಗಿ ಇಳಿದರೆ ಕೆಲವು ಕಾಲುಗಳು ಮುಟ್ಟುತ್ತಿವೆ, ಕೆಲವು ಮುಟ್ಟುತ್ತಿಲ್ಲ. ಹೆಸರು ಸರಿಯಾಗಿ ಇಳಿದು ಆಟ ನಡುವೆ ಹೆಪ್ಪುಗಟ್ಟಿದರೂ ಮೊದಲ ಅನುಮಾನ ಕಾಲುಗಳ ಮೇಲೆಯೇ. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ‘ಗೇಮ್ ಬಾಯ್’ ಎಂಬ ಬಣ್ಣದ ಅಕ್ಷರ ಬಂದು, ಕೆಳಗೆ ಕಂಪನಿಯ ಹೆಸರು ಬಾರದೆ ನಿಂತುಬಿಟ್ಟರೆ ಅದೂ ಇದೇ ಕಥೆ. ಇವು ಯಾವುವೂ ಬ್ಯಾಟರಿಯ ತಪ್ಪಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಆಟ ಚೆನ್ನಾಗಿಯೇ ಶುರುವಾಗುತ್ತದೆ.

ದೋಷ ಕಾರ್ಟ್ರಿಜ್‌ನದೋ ಯಂತ್ರದ್ದೋ ಎಂದು ತಿಳಿಯಲು ಅದಲುಬದಲು ಮಾಡಿ ನೋಡುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬೇರೆ ಕಾರ್ಟ್ರಿಜ್ ಇದೇ ಯಂತ್ರದಲ್ಲಿ, ಇದೇ ಕಾರ್ಟ್ರಿಜ್ ಬೇರೆ ಯಂತ್ರದಲ್ಲಿ. ಸ್ವಿಚ್ಚಿನ ಬಳಿ ಬೆರಳು ತಾಗಿದರೆ ಯಂತ್ರವೇ ಆರಿ ಹೊತ್ತುತ್ತಿದ್ದರೆ ಸ್ವಿಚ್ಚಿನೊಳಗೆ ಕಿಲುಬು. ಇದನ್ನು ಗಮನಿಸದೆ ಆಡುತ್ತಾ ಹೋದರೆ ಸೇವ್ ಆಗುತ್ತಿರುವ ಆ ಎರಡು ಮೂರು ಸೆಕೆಂಡುಗಳಲ್ಲಿ ಯಂತ್ರ ಆರಿ, ಮರುದಿನ ‘ಉಳಿಸಿದ ದತ್ತಾಂಶ ನಾಶವಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಆಟ ತಾನು ಬರೆದಿಟ್ಟದ್ದನ್ನೆಲ್ಲ ಕೂಡಿ ಒಂದು ಮೊತ್ತವನ್ನೂ ಪಕ್ಕದಲ್ಲಿ ಬರೆದುಕೊಂಡಿರುತ್ತದೆ. ಶುರುವಿನಲ್ಲಿ ಮತ್ತೆ ಕೂಡಿ ನೋಡುತ್ತದೆ, ಲೆಕ್ಕ ತಪ್ಪಿದರೆ ಈ ಸಾಲು. ಸೆಲ್ ಇಳಿದು ಯಂತ್ರದ ಕೆಂಪು ದೀಪ ಮಂಕಾಗಿರುವಾಗ ಸೇವ್ ಮಾಡಿದರೂ ಇದೇ ಗತಿ.

ತಂದೆ ತಾಯಂದಿರಿಗೆ ಒಂದು ಕಿವಿಮಾತು: ಹಳೆಯ ರೆಡ್, ಸಿಲ್ವರ್ ಕಾರ್ಟ್ರಿಜ್‌ಗಾಗಿ ಡಿಎಸ್ ಲೈಟ್ ಕೊಳ್ಳಬೇಡಿ. ಅದರ ಕೆಳಗಿನ ಕಿಂಡಿ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗಳಿಗೆ ಮಾತ್ರ. ‘ಹಿಡಿಸುತ್ತಿಲ್ಲ, ಕೆಟ್ಟಿದೆ’ ಎಂದು ನನ್ನ ಬಳಿ ಬಂದ ಒಂದು ಕಾರ್ಟ್ರಿಜ್‌ನ ಕಾಯಿಲೆ ಇಷ್ಟೇ ಆಗಿತ್ತು.

ಊದಬೇಡಿ

ಕಾರ್ಟ್ರಿಜ್‌ಗೆ ಊದುವುದು ನಮ್ಮ ತಲೆಮಾರಿನ ಎಲ್ಲ ಮಕ್ಕಳೂ ಕಲಿತ ವಿದ್ಯೆ. ಊದಿ ಮತ್ತೆ ಹಾಕಿದರೆ ಆಟ ಶುರುವಾಗುತ್ತಿತ್ತು, ನಿಜ. ಆದರೆ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ. ಅದರಲ್ಲೂ ಕರಾವಳಿಯಿಂದ, ಮಲೆನಾಡಿನಿಂದ ಬರುವ ಕಾರ್ಟ್ರಿಜ್‌ಗಳ ಕಾಲುಗಳ ಮೇಲೆ ಮೊದಲೇ ಹಸಿರು ಪಾಚಿಯಂಥ ಕಿಲುಬು ಕೂತಿರುತ್ತದೆ.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, 90 ಶೇಕಡಕ್ಕಿಂತ ಹೆಚ್ಚಿನದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಕಾಲುಗಳ ಉದ್ದಕ್ಕೆ ಮೇಲಿಂದ ಕೆಳಗೆ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಕಪ್ಪಾಗುತ್ತದೆ, ಗಾಬರಿಯಾಗಬೇಡಿ. ಹೊಸ ಕಡ್ಡಿ ತೆಗೆದುಕೊಳ್ಳಿ. ಕಡ್ಡಿ ಬಿಳಿಯಾಗಿ ಹೊರಬರುವವರೆಗೆ ಮಾಡಿ, ಐದು ನಿಮಿಷ ಒಣಗಲು ಬಿಡಿ. ಬಿಳಿ ರಬ್ಬರಿನಿಂದ ಉಜ್ಜುವವರೂ ಇದ್ದಾರೆ. ಹೊಳಪು ಬೇಗ ಬರುತ್ತದೆ, ಜೊತೆಗೆ ಚಿನ್ನದ ಲೇಪವೂ ಸವೆಯುತ್ತದೆ. ಆಲ್ಕೋಹಾಲ್‌ಗೆ ಜಗ್ಗದ ಕಿಲುಬಿಗೆ ಮಾತ್ರ, ಮೆಲ್ಲಗೆ, ಒಂದೇ ಸಲ.

ನಮ್ಮ ಸಿಲ್ವರ್‌ನ ಹತ್ತಿಕಡ್ಡಿಗಳು ನಾಲ್ಕು ಕಪ್ಪಾದವು. ಐದನೆಯದು ಬಿಳಿಯಾಗಿ ಬಂತು. ಮತ್ತೆ ಹಾಕಿ ನೋಡಿದರೂ ‘ಕಂಟಿನ್ಯೂ’ ಬರಲಿಲ್ಲ. ಈಗ ಬ್ಯಾಟರಿಯ ಸರದಿ.

ಬ್ಯಾಟರಿಯ ನಾಡಿ ಹಿಡಿಯುವುದು

ಒರೆಸಿದ ಮೇಲೂ ಹಳೆಯ ಆಟ ಬರಲಿಲ್ಲವೆಂದರೆ ಮಾತ್ರ ಹೊಸ ಆಟ ಶುರುಮಾಡಿ ಸೇವ್ ಮಾಡಿ ಪರೀಕ್ಷಿಸಬಹುದು. ಇದರಲ್ಲಿ ಮೋಸಹೋಗುವ ಒಂದು ಜಾಗ ಇದೆ. ಯಂತ್ರ ಆರಿಸಿ ತಕ್ಷಣ ಹೊತ್ತಿಸಿದರೆ ಸೇವ್ ಮಾಡಿದ್ದು ಇರುತ್ತದೆ. ‘ಓ, ಸರಿಯಾಯಿತು’ ಎಂದು ಮಗು ಕುಣಿಯುತ್ತದೆ. ಹಲಗೆಯ ಮೇಲಿನ ಕೆಪಾಸಿಟರ್‌ಗಳಲ್ಲಿ ಉಳಿದಿರುವ ಚೂರು ವಿದ್ಯುತ್ ಕೆಲವು ಸೆಕೆಂಡು ಆ ನೆನಪನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ಕಾರ್ಟ್ರಿಜ್ಜನ್ನು ಯಂತ್ರದಿಂದ ಹೊರತೆಗೆದು ಕನಿಷ್ಠ ಹತ್ತು ನಿಮಿಷ, ಸಾಧ್ಯವಾದರೆ ಒಂದು ರಾತ್ರಿ, ಮೇಜಿನ ಮೇಲಿಡಿ. ಬೆಳಿಗ್ಗೆ ಇದ್ದರೆ ಬ್ಯಾಟರಿಗೆ ಜೀವವಿದೆ, ಇಲ್ಲದಿದ್ದರೆ ಇಲ್ಲ. ಎರಡನೆಯ ತಲೆಮಾರಿನ ಆಟಗಳಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ: ಗಡಿಯಾರದ ಹೊತ್ತು ತಪ್ಪಿರಬಹುದು, ಮತ್ತೆ ಹೊಂದಿಸಿ ಎಂದು ಆಟವೇ ಹೇಳುತ್ತದೆ.

ಸರಿಯಾದ ಉತ್ತರ ಬೇಕಾದರೆ ಬಿಚ್ಚಲೇಬೇಕು. ಗೇಮ್ ಬಾಯ್ ಕಾರ್ಟ್ರಿಜ್‌ನ ಹಿಂಬದಿಯ ಸ್ಕ್ರೂ ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ, ಅದಕ್ಕೆ 3.8 ಮಿಲಿಮೀಟರ್‌ನ ಗೇಮ್‌ಬಿಟ್ ಬೇಕು. ಅಡ್ವಾನ್ಸ್ ಕಾರ್ಟ್ರಿಜ್‌ಗಳಿಗೆ ಮೂರು ರೆಕ್ಕೆಯ ಟ್ರೈವಿಂಗ್. ಬಾಲ್ ಪೆನ್ನಿನ ತುದಿಯನ್ನು ಕರಗಿಸಿ ಅಚ್ಚು ತೆಗೆದು ತಿರುಗಿಸುವ ವಿಡಿಯೊಗಳನ್ನು ನಾನೂ ನೋಡಿದ್ದೇನೆ. ಸ್ಕ್ರೂವಿನ ತಲೆ ಸವೆದು ಹೋದ ಕಾರ್ಟ್ರಿಜ್‌ಗಳೂ ನನ್ನ ಬಳಿ ಬಂದಿವೆ.

ಸ್ಕ್ರೂ ತೆಗೆದು ಮುಂಬದಿಯ ಮುಚ್ಚಳವನ್ನು ಕೆಳಕ್ಕೆ ಜಾರಿಸಿದರೆ ಬೆರಳುದ್ದದ ಹಸಿರು ಹಲಗೆ. ಅದರ ಮೂಲೆಯಲ್ಲಿ ನಾಣ್ಯದಂತೆ ಮಿನುಗುವ ಸೆಲ್. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿಯನ್ನು ಸೆಲ್‌ನ ಕೂಡು ಗುರುತಿನ ಬದಿಗೆ, ಕಪ್ಪನ್ನು ಇನ್ನೊಂದಕ್ಕೆ ತಾಗಿಸಿ. ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ. 2.8ರ ಮೇಲಿದ್ದರೆ ಕೈ ಹಾಕಬೇಡಿ, ಮುಚ್ಚಿಡಿ. 2.5ರ ಆಸುಪಾಸಿನಲ್ಲಿದ್ದರೆ ಕಾಲ ಸಮೀಪಿಸಿದೆ. 2ಕ್ಕಿಂತ ಕೆಳಗೆ ಇಳಿದಿದ್ದರೆ ಎಸ್‌ರ‍್ಯಾಮ್ ಚಿಪ್ ಮರೆಯತೊಡಗಿರುತ್ತದೆ. ನಮ್ಮ ಸಿಲ್ವರ್ ತೋರಿಸಿದ್ದು 1.1. ಅಕ್ಕನ ಆಟ ಯಾವತ್ತೋ ಹೋಗಿಬಿಟ್ಟಿತ್ತು.

ಈಗ ನನ್ನ ತಪ್ಪು. ಕೆಲವು ವರ್ಷದ ಹಿಂದೆ ಗೆಳೆಯನೊಬ್ಬ ತನ್ನ ರೆಡ್ ಕಾರ್ಟ್ರಿಜ್ ಕೊಟ್ಟು ‘ಬ್ಯಾಟರಿ ಹಳೆಯದಾಗಿದೆ, ಬದಲಿಸಿಬಿಡು’ ಎಂದ. ನಾನು ಆನ್ ಮಾಡಿ ನೋಡದೆ, ಅಳೆಯದೆ, ನೇರವಾಗಿ ಬೆಸುಗೆ ಕಾಯಿಸಿ ಹಳೆಯ ಸೆಲ್ ಎಬ್ಬಿಸಿದೆ. ಆಮೇಲೆ ಸುಮ್ಮನೆ ಅಳೆದರೆ ಆ ಸೆಲ್‌ನಲ್ಲಿ 2.9 ವೋಲ್ಟ್ ಇತ್ತು. ಅಂದರೆ ಒಳಗೆ ಅವನ ಆಟವೂ ಇತ್ತು, ನಾನು ಸೆಲ್ ಎತ್ತುವ ಕ್ಷಣದವರೆಗೂ. ಅವನು ಏಳನೆಯ ತರಗತಿಯಲ್ಲಿದ್ದಾಗ ಸಾಕಿದ ಚಾರಿಝಾರ್ಡ್‌ಗೆ ತನ್ನ ಮನೆಯ ನಾಯಿಯ ಹೆಸರಿಟ್ಟಿದ್ದನಂತೆ. ಹೊಸ ಸೆಲ್ ಹಾಕಿಸಿಕೊಂಡು ಹೋಗುವಾಗ ಅವನು ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಆದ್ದರಿಂದ ಜೀವ ಇರುವ ಬ್ಯಾಟರಿಯನ್ನು ಬದಲಿಸಲೇಬೇಕಾದರೆ ಮೊದಲು ಆಟವನ್ನು ಬೇರೆಡೆ ಇಳಿಸಿಕೊಳ್ಳಿ. ಕಾರ್ಟ್ರಿಜ್ಜನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ರೀಡರ್‌ಗಳು ಸಿಗುತ್ತವೆ. ಉಳಿಸಿದ ಆಟವನ್ನು ಒಂದು ಫೈಲ್ ಆಗಿ ತೆಗೆದಿಟ್ಟು, ಸೆಲ್ ಬದಲಿಸಿದ ಮೇಲೆ ಮತ್ತೆ ಬರೆಯಬಹುದು. ಅದು ಇಲ್ಲದಿದ್ದರೆ ಹಳೆಯ ದಾರಿ: ಎರಡು ಯಂತ್ರ, ನಡುವೆ ಲಿಂಕ್ ಕೇಬಲ್, ಇನ್ನೊಂದು ಕಾರ್ಟ್ರಿಜ್. ಮುಖ್ಯವಾದ ಪ್ರಾಣಿಗಳನ್ನೆಲ್ಲ ಒಂದೊಂದಾಗಿ ವಿನಿಮಯದಲ್ಲಿ ದಾಟಿಸಿ, ಮತ್ತೆ ವಾಪಸ್ ತರುವುದು. ನಿಧಾನ, ಬೇಸರ, ಆದರೆ ನಂಬಬಹುದು.

ರೂಬಿ, ಸಫೈರ್: ಬತ್ತಿದ ಬ್ಯಾಟರಿಯೋ, ದಾರಿತಪ್ಪಿದ ಲೆಕ್ಕವೋ

ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಆಟ ಶುರುವಾಗುವಾಗ ‘ಒಳಗಿನ ಬ್ಯಾಟರಿ ಬತ್ತಿದೆ, ಆಟ ಆಡಬಹುದು, ಆದರೆ ಗಡಿಯಾರಕ್ಕೆ ಸಂಬಂಧಿಸಿದ್ದು ನಡೆಯುವುದಿಲ್ಲ’ ಎಂಬ ಅರ್ಥದ ಸಾಲು ಬರುತ್ತದೆ. ಓದಿದ ಕೂಡಲೇ ಎಲ್ಲರೂ ಗಾಬರಿಯಾಗುತ್ತಾರೆ. ಆ ಸಾಲನ್ನು ಅಕ್ಷರಶಃ ನಂಬಿ: ಆಟ ಸುರಕ್ಷಿತ. ಆಟದೊಳಗಿನ ಬೆರ್ರಿ ಗಿಡಗಳು ಬೆಳೆಯುವುದಿಲ್ಲ, ಶೋಲ್ ಗುಹೆಯಲ್ಲಿ ಉಬ್ಬರವಿಳಿತ ಆಗುವುದಿಲ್ಲ, ಲಿಲಿಕೋವ್ ಅಂಗಡಿಯ ದಿನದ ಲಾಟರಿ ಬದಲಾಗುವುದಿಲ್ಲ, ಅಷ್ಟೇ. ಇವು ಬೇಡ ಎನ್ನುವವರು ಕಾರ್ಟ್ರಿಜ್ ಬಿಚ್ಚುವ ಅಗತ್ಯವೇ ಇಲ್ಲ.

ಆದರೆ ಆ ಸಾಲು ಬಾರದೆಯೇ ಬೆರ್ರಿ ಗಿಡಗಳು ನಿಂತುಬಿಟ್ಟಿದ್ದರೆ ಕಾಯಿಲೆ ಬೇರೆ. ರೂಬಿ, ಸಫೈರ್‌ನ ಮೊದಮೊದಲ ಪ್ರತಿಗಳಲ್ಲಿ ದಿನ ಎಣಿಸುವ ಲೆಕ್ಕದಲ್ಲೇ ಒಂದು ತಪ್ಪಿದೆ. ಒಳಗಿನ ಗಡಿಯಾರ ತನ್ನ ಎಣಿಕೆಯನ್ನು 2000ದ ಜನವರಿ 1ರಿಂದ ಶುರುಮಾಡುತ್ತದೆ. ಒಂದು ವರ್ಷ, ಅಂದರೆ ಅಧಿಕ ವರ್ಷದ 366 ದಿನ, ಕಳೆದು 2001 ಬಂದಾಗ ಆ ಮೊದಲ ವರ್ಷವನ್ನು ಲೆಕ್ಕಕ್ಕೆ ಸೇರಿಸಲು ಆಟ ಮರೆಯುತ್ತದೆ. ನಿನ್ನೆ 366ನೆಯ ದಿನ, ಇವತ್ತು 1ನೆಯ ದಿನ! ಕಾಲ ಹಿಂದಕ್ಕೆ ಹೋದದ್ದನ್ನು ಕಂಡ ಆಟ, ಎಣಿಕೆ ಮತ್ತೆ ಅಲ್ಲಿಗೆ ಬರುವ ತನಕ ದಿನದ ಕೆಲಸಗಳನ್ನು ನಿಲ್ಲಿಸುತ್ತದೆ. ಯುಗಾದಿ ಕಳೆದ ಮರುದಿನ ಕ್ಯಾಲೆಂಡರ್‌ನಲ್ಲಿ ಹಿಂದಿನ ವರ್ಷದ ಯುಗಾದಿ ಬಂದರೆ ಮನೆಯವರು ಏನು ಮಾಡಿಯಾರು?

ಇದಕ್ಕೆ ಬ್ಯಾಟರಿ ಬದಲಿಸಿದರೆ ಪ್ರಯೋಜನವಿಲ್ಲ. ಫೈರ್‌ರೆಡ್, ಲೀಫ್‌ಗ್ರೀನ್, ಎಮರಾಲ್ಡ್ ಆಟಗಳೊಳಗೆ ಇದನ್ನು ಸರಿಪಡಿಸುವ ಸಣ್ಣ ಪ್ರೋಗ್ರಾಂ ಇಟ್ಟಿದ್ದಾರೆ. ಎರಡು ಅಡ್ವಾನ್ಸ್ ಯಂತ್ರಗಳನ್ನು ಲಿಂಕ್ ಕೇಬಲ್‌ನಿಂದ ಜೋಡಿಸಿ, ಈ ಮೂರರಲ್ಲಿ ಒಂದರ ಶೀರ್ಷಿಕೆ ಪರದೆಯಲ್ಲಿ ‘ಸೆಲೆಕ್ಟ್’ ಮತ್ತು ‘ಬಿ’ ಒಟ್ಟಿಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಆಮೇಲೆ ಪರದೆ ಹೇಳಿದಂತೆ ನಡೆದರಾಯಿತು. ಗುಂಡಿಗಳ ಜೊತೆ ಮೇಲ್ಮುಖದ ಬಾಣ ಸೇರಿದರೆ ಅದು ಅಳಿಸುವ ಪರದೆ, ಮರೆಯಬೇಡಿ.

ಬತ್ತಿದ ಬ್ಯಾಟರಿಯನ್ನು ಬದಲಿಸಿದವರಿಗೂ ಒಂದು ನಿರಾಶೆ ಕಾದಿರುತ್ತದೆ. ಹೊಸ ಸೆಲ್‌ನೊಂದಿಗೆ ಗಡಿಯಾರ ಸೊನ್ನೆಯಿಂದ ಎಣಿಸತೊಡಗುತ್ತದೆ. ಉಳಿಸಿದ ಆಟದಲ್ಲಿ ಬರೆದಿರುವುದು ಅದಕ್ಕಿಂತ ಮುಂದಿನ ದಿನ. ಎಚ್ಚರಿಕೆಯ ಸಾಲು ಹೋಗುತ್ತದೆ, ದಿನದ ಘಟನೆಗಳು ಮಾತ್ರ ತಕ್ಷಣ ಮರಳುವುದಿಲ್ಲ. ಹೊಸ ಆಟ ಶುರುಮಾಡಿದರೆ ಎಲ್ಲವೂ ಸರಿ. ಹಳೆಯದು ಬೇಕು ಎಂದರೆ ಎಣಿಕೆ ಅಲ್ಲಿಗೆ ಬರುವ ತನಕ ಕಾಯಬೇಕು.

ಕಾಯಿಲೆಯೇ ಅಲ್ಲದ ಒಂದು ಕಾಯಿಲೆ

ರೆಡ್, ಬ್ಲೂ ಆಡುವ ಮಗು ಒಂದು ದಿನ ಓಡಿಬಂದು ‘ಹಾಲ್ ಆಫ್ ಫೇಮ್ (ಗೆದ್ದ ತಂಡದ ದಾಖಲೆ) ಎಲ್ಲ ಕೆಟ್ಟುಹೋಗಿದೆ, ಚಿತ್ರಗಳೆಲ್ಲ ಕಲಸಿದ ಅವಲಕ್ಕಿಯಾಗಿವೆ’ ಎಂದರೆ ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿ: ಆಟದಲ್ಲಿ ಸಿನ್ನಬಾರ್ ದ್ವೀಪದ ಕರಾವಳಿಯಲ್ಲಿ ಈಜಲು ಹೋಗಿದ್ದೆಯಾ? ಅಲ್ಲಿ ‘ಮಿಸ್ಸಿಂಗ್‌ನೋ’ ಎಂಬ ಪ್ರಾಣಿಯಲ್ಲದ ಪ್ರಾಣಿಯೊಂದು ಎದುರಾಗುತ್ತದೆ. ಚೀಲದ ಆರನೆಯ ವಸ್ತುವನ್ನು ಅದು 128ರಷ್ಟು ಹೆಚ್ಚಿಸುತ್ತದೆ ಎಂಬುದು ಮಕ್ಕಳಿಗೆಲ್ಲ ಗೊತ್ತು. ಬೇಕೆಂದೇ ಹೋಗಿರುತ್ತಾರೆ. ಅದರ ಚಿತ್ರ ತನಗೆ ಮೀಸಲಾದ ಜಾಗಕ್ಕಿಂತ ದೊಡ್ಡದಾಗಿ ಬಿಚ್ಚಿಕೊಂಡು, ಎಸ್‌ರ‍್ಯಾಮ್‌ನಲ್ಲಿ ಪಕ್ಕದಲ್ಲೇ ಇರುವ ಹಾಲ್ ಆಫ್ ಫೇಮ್‌ನ ಮೇಲೆ ಹರಿದುಬಿಡುತ್ತದೆ. ಇದು ಆಟದೊಳಗಿನ ತಪ್ಪು, ಕಾರ್ಟ್ರಿಜ್ ಗಟ್ಟಿಯಾಗಿದೆ. ಮಗುವನ್ನು ಬೈಯಬೇಡಿ.

ನಕಲಿ

ಬೆಂಗಳೂರಿನ ಅಂಗಡಿಯೊಂದರಲ್ಲಿ ನಾನು ಕೊಂಡ ಎಮರಾಲ್ಡ್ ಮೊದಲ ನೋಟಕ್ಕೆ ಚೆನ್ನಾಗಿತ್ತು. ಇಪ್ಪತ್ತು ಗಂಟೆ ಆಡಿ, ಎಲೀಟ್ ಫೋರ್ ಎಂಬ ಕೊನೆಯ ನಾಲ್ವರು ಎದುರಾಳಿಗಳನ್ನು ಸೋಲಿಸಿ, ಪಟ್ಟಾಭಿಷೇಕದ ನಂತರ ಸೇವ್ ಆಗುವಾಗ ಆಟ ಕೈಕೊಟ್ಟಿತು. ನಕಲಿ ಅಡ್ವಾನ್ಸ್ ಕಾರ್ಟ್ರಿಜ್‌ಗಳ ಪ್ರಸಿದ್ಧ ಲಕ್ಷಣವಿದು. ಸರಿಯಾದ ಫ್ಲ್ಯಾಶ್ ಚಿಪ್ ಹಾಕುವ ಬದಲು ಅಗ್ಗದ ಏನನ್ನೋ ಹಾಕಿರುತ್ತಾರೆ. ಶುರುವಿನಲ್ಲೇ ‘1ಎಂ ಉಪಹಲಗೆ ಅಳವಡಿಸಿಲ್ಲ’ ಎಂಬ ವಿಚಿತ್ರ ಸಾಲು ಬಂದರೂ ಇದೇ ಅನುಮಾನ, ಅಸಲಿಯಲ್ಲಿ ಕಾಲುಗಳ ಕೊಳೆಯಿಂದಲೂ ಬರಬಹುದು. ಒರೆಸಿ ನೋಡಿ. ಕೊಳ್ಳುವ ಮೊದಲು ಕೆಳಗಿನ ಬಾಯಿಯೊಳಗೆ ಇಣುಕಿ: ಕಾಲುಗಳ ಮೇಲೆ, ಹಲಗೆಯ ಅಂಚಿನಲ್ಲಿ ಕಂಪನಿಯ ಹೆಸರು ಅಚ್ಚಾಗಿರಬೇಕು. ಲೇಬಲ್ಲನ್ನು ಬೆಳಕಿಗೆ ಓರೆ ಹಿಡಿದರೆ ಒತ್ತಿ ಮೂಡಿಸಿದ ಸಣ್ಣ ಅಂಕಿಗಳು ಕಾಣಬೇಕು. ಸಾಮಾನ್ಯ ಫಿಲಿಪ್ಸ್ ಸ್ಕ್ರೂ ಕಂಡರೆ ಕೆಳಗಿಟ್ಟು ಬನ್ನಿ. ನಕಲಿಗೆ ರಿಪೇರಿಯಿಲ್ಲ.

ಸೆಲ್ ಬದಲಿಸುವುದು

ಸೆಲ್‌ನ ಮೇಲೆಯೇ ಅದರ ಜಾತಕ ಬರೆದಿರುತ್ತದೆ. ಸಿಆರ್2025 ಎಂದರೆ 20 ಮಿಲಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪ. ಸಿಆರ್1616 ಎಂದರೆ 16 ಮತ್ತು 1.6. ಗೋಲ್ಡ್, ಸಿಲ್ವರ್, ಕ್ರಿಸ್ಟಲ್‌ಗೆ ಮೊದಲನೆಯದು, ರೂಬಿ, ಸಫೈರ್, ಎಮರಾಲ್ಡ್‌ಗೆ ಎರಡನೆಯದು. ರೆಡ್, ಬ್ಲೂನಲ್ಲಿ ಹಲಗೆ ನೋಡಿಯೇ ತೀರ್ಮಾನಿಸಿ. ಕೊಳ್ಳುವಾಗ ‘ಟ್ಯಾಬ್ ಇರುವ ಸೆಲ್’ ಎಂದು ಕೇಳಿ, ಅಂದರೆ ಎರಡೂ ಬದಿಗೆ ಲೋಹದ ನಾಲಿಗೆ ಮೊದಲೇ ಅಂಟಿಸಿರುವಂಥದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತದೆ. ಟ್ಯಾಬ್ ಇಲ್ಲದ ಸೆಲ್‌ಗೆ ನೇರವಾಗಿ ಬೆಸುಗೆ ಹಾಕಬೇಡಿ, ಕಾದ ಲಿಥಿಯಂ ಸೆಲ್ ಸಿಡಿಯಬಹುದು. ಟೇಪ್ ಸುತ್ತಿ ಒತ್ತಿಡುವುದು ಇನ್ನೊಂದು ಜಾಣತನ. ಕಾರ್ಟ್ರಿಜ್ ಒಮ್ಮೆ ನೆಲಕ್ಕೆ ಬಿದ್ದರೆ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಎಸ್‌ರ‍್ಯಾಮ್‌ಗೆ ಆ ಕ್ಷಣ ಸಾಕು.

ತೆಗೆಯುವಾಗ ಕೂಡು ಬದಿ ಯಾವುದೆಂದು ಫೋಟೊ ತೆಗೆದುಕೊಳ್ಳಿ. ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೀಸ ಸೇರಿಸಿ ಕರಗಿಸಿ, ನಾಲಿಗೆ ತಾನಾಗಿ ಬಿಡುವ ತನಕ ಕಾಯಿರಿ. ಎಳೆದರೆ ಹಲಗೆಯ ತಾಮ್ರವೂ ಕಿತ್ತುಬರುತ್ತದೆ. ಹೊಸದನ್ನು ಕೂರಿಸಿ, ಮೀಟರ್ ತಾಗಿಸಿ 3ರ ಮೇಲೆ ಬಂದರೆ ಮುಚ್ಚಿ.

ತೆಗೆದ ಸೆಲ್ ಮೇಜಿನ ಮೇಲೆ ಒಂದು ನಿಮಿಷವೂ ಇರಬಾರದು. ಎರಡೂ ಬದಿಗೆ ಟೇಪ್ ಹಚ್ಚಿ ಮಕ್ಕಳ ಕೈಗೆಟುಕದ ಕಡೆ ಇಡಿ. 20 ಮಿಲಿಮೀಟರ್‌ನ ಲಿಥಿಯಂ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯೊಳಗೆ ಸುಟ್ಟಗಾಯ ಮಾಡಬಲ್ಲದು. ಸತ್ತಿದೆ ಎಂದು ನಾವು ತೆಗೆದ ಸೆಲ್‌ನಲ್ಲೂ ಅದಕ್ಕೆ ಸಾಕಾಗುವಷ್ಟು ವಿದ್ಯುತ್ ಇರಬಹುದು. ನುಂಗಿದ ಅನುಮಾನ ಬಂದರೂ ಸಾಕು, ನೇರವಾಗಿ ಆಸ್ಪತ್ರೆಗೆ.

ಸಿಲ್ವರ್‌ಗೆ ಏನಾಯಿತು

ಹೊಸ ಸೆಲ್ 3.2 ತೋರಿಸಿತು. ಮುಚ್ಚಳ ಕೂರಿಸುವ ಮೊದಲು ಬದಲಿಸಿದ ತಿಂಗಳನ್ನೂ ವರ್ಷವನ್ನೂ ಒಳಗೆ ಮಾರ್ಕರ್‌ನಿಂದ ಬರೆದೆ, ಮುಂದೆ ಬಿಚ್ಚುವವರಿಗೆ. ಅಕ್ಕನ ಮಗಳು ‘ನ್ಯೂ ಗೇಮ್’ ಒತ್ತಿದಳು. ಈ ಆಟ ಹೆಸರು ಕೇಳುವ ಮೊದಲು ಗಂಟೆ ಎಷ್ಟೆಂದು ಕೇಳುತ್ತದೆ. ಅವಳು ಅಡುಗೆಮನೆಯತ್ತ ಕೂಗಿ ಕೇಳಿದಳು. ಅಕ್ಕ ಗೋಡೆ ಗಡಿಯಾರ ನೋಡಿ ಹೇಳಿದಳು, ಹೇಳಿದ ಮೇಲೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಮಗಳು ಮೊದಲ ಪ್ರಾಣಿಯಾಗಿ ಟೋಟೊಡೈಲ್ ಆರಿಸಿಕೊಂಡು ಸೇವ್ ಮಾಡಿದಳು. ನಾನು ಕಾರ್ಟ್ರಿಜ್ ತೆಗೆದು ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಒಂದು ರಾತ್ರಿ ಎಂದೆ. ಅವಳಿಗೆ ನನ್ನ ಮೇಲೆ ಕೋಪ.

ಬೆಳಿಗ್ಗೆ ‘ಕಂಟಿನ್ಯೂ’ ಇತ್ತು, ಅಂದರೆ ನೆನಪು ಸರಿ. ಉಳಿದದ್ದು ಗಡಿಯಾರ. ಅದರ ಪರೀಕ್ಷೆಗೆ ಸಂಜೆ ಆರರ ತನಕ ಕಾಯಬೇಕಾಯಿತು, ಸಿಲ್ವರ್‌ನಲ್ಲಿ ರಾತ್ರಿ ಶುರುವಾಗುವುದು ಆಗ. ಆರು ಹೊಡೆದು ಐದು ನಿಮಿಷಕ್ಕೆ ಅವಳು ಆಟದ 29ನೆಯ ಮಾರ್ಗದ ಹುಲ್ಲಿನಲ್ಲಿ ನಡೆದಳು. ಹಗಲಿನಲ್ಲಿ ಅಲ್ಲಿ ಪಿಡ್ಜಿ ಹಕ್ಕಿ ಸಿಗುತ್ತದೆ. ಪರದೆ ಮಿನುಗಿ, ಒಂಟಿ ಕಾಲಲ್ಲಿ ನಿಂತ ಗೂಬೆಮರಿ ಹೂಟ್‌ಹೂಟ್ ಎದುರಾಯಿತು.